ಸುಂದರಿಯ ಇನ್ನೊಂದು ಮಗ್ಗುಲು

"ನಿಲ್ಲಿಸಯ್ಯಾ ಅದನ್ನ! ಸ್ವಲ್ಪ ಹಿಂದಕ್ಕೆ ಹೋಗು. ಆ ಹೀರೋನ ಕೈ ತೋರಿಸು."

ಎಡಿಟಿಂಗ್ ಕೋಣೆಯ ಮುರುಕು ಕುರ್ಚಿಯಲ್ಲಿ ಅಕ್ಕ ನೆಟ್ಟಗೆ ಕೂತಳು. ಬೆಳಗಿನಿಂದ ಶಾರ್ಕ್ ಸಿನಿಮಾ ನೋಡಿ ನೋಡಿ ಅವಳ ತಲೆ ಚಿಟ್ಟು ಹಿಡಿದಿತ್ತು. ಒಂದರಲ್ಲಿ ಶಾರ್ಕ್ ಈಜುಕೊಳಕ್ಕೆ ಬರುತ್ತದೆ. ಇನ್ನೊಂದರಲ್ಲಿ ಆಸ್ಪತ್ರೆಯ ನೆಲಮಾಳಿಗೆಗೆ ಬರುತ್ತದೆ. ಹೇಗೆ ಬಂತು, ಯಾವ ನಲ್ಲಿಯಿಂದ ಬಂತು ಎಂದು ಸಿನಿಮಾದಲ್ಲಿ ಒಬ್ಬನಾದರೂ ಕೇಳಬೇಡವೇ? ಎಲ್ಲರೂ ಕಿರುಚುವುದರಲ್ಲೇ ಮಗ್ನರು. ರಜೆಯ ಮಧ್ಯಾಹ್ನ ಊಟ ಮುಗಿಸಿ ಜನರಿಗೆ ಕಣ್ಣು ಎಳೆಯುವ ಹೊತ್ತಿಗೆ ಟಿವಿಯವರು ಹಾಕುವ ಸರಕು ಇದು. ನೋಡುವವರು ಅರೆನಿದ್ದೆಯಲ್ಲಿರುತ್ತಾರೆ ಎಂಬ ಧೈರ್ಯದ ಮೇಲೇ ತೆಗೆದದ್ದು.

ಎಡಿಟರ್ ಚಿತ್ರವನ್ನು ಹಿಂದಕ್ಕೆ ಓಡಿಸಿದ. ಅವನನ್ನು ಸ್ಟುಡಿಯೋದಲ್ಲಿ ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು.

"ನೋಡು. ಶಾರ್ಕ್ ಕಚ್ಚಿದ್ದು ಎಡಗೈಗೆ. ಕಟ್ಟು ಕಟ್ಟಿದ್ದು ಎಡಗೈಗೆ. ಈಗ ಆ ಕಟ್ಟು ಬಲಗೈಗೆ ಹೆಂಗೆ ಹೋಯ್ತು?"

"ಅಕ್ಕಾ, ನಮ್ಮ ಸಿನಿಮಾನ ಇಷ್ಟು ಗಮನ ಕೊಟ್ಟು ನೋಡಿದವರು ಪ್ರಪಂಚದಲ್ಲೇ ನೀವೊಬ್ಬರು."

"ಕೇಳಿದ್ದಕ್ಕೆ ಉತ್ತರ ಕೊಡು."

ಕತ್ತರಿ ತಲೆ ಕೆರೆದುಕೊಂಡ. "ಅದು ಒಳಗಿನ ಮಾತು. ಹೊರಗಿನವರ ಹತ್ರ ಆಡಬಾರದು ಅಂತ ಡೈರೆಕ್ಟರು ಹೇಳಿದಾರೆ. ಅವರನ್ನೇ ಕೇಳಿ."

"ಒಬ್ಬ ಮನುಷ್ಯ ಆಸ್ಪತ್ರೆಯಲ್ಲಿ ಸಾವು ಬದುಕಿನ ಮಧ್ಯೆ ಬಿದ್ದಿದಾನೆ. ನಿಮಗೆ ಒಳಗಿನ ಮಾತು, ಹೊರಗಿನ ಮಾತು!"

ಅವನು ಟೀ ತರುವ ನೆಪದಲ್ಲಿ ಎದ್ದು ಹೋದ. ಈ ಜನರ ಸಹವಾಸವೇ ಬೇಡ ಎನಿಸಿತು ಅಕ್ಕನಿಗೆ. ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಕೂತ ಮೇಲೆ ಎಂತೆಂಥ ಕಳ್ಳರನ್ನು, ಸುಳ್ಳರನ್ನು ಕಂಡಿದ್ದಳು. ಇಷ್ಟು ತಲೆಹರಟೆಯವರನ್ನು ಮಾತ್ರ ಕಂಡಿರಲಿಲ್ಲ. ಇಡೀ ಊರಿಗೆ ಅವಳು ಅಕ್ಕ. ಠಾಣೆಯವರಿಗೂ ಅಕ್ಕ, ಪೇಪರ್ ಹಾಕುವವನಿಗೂ ಅಕ್ಕ. ಆದರೆ ಆ ಹೆಸರು ಮೊದಲು ಇಟ್ಟವನು ಅವಳ ಸ್ವಂತ ತಮ್ಮ. ಈ ಸ್ಟುಡಿಯೋದಲ್ಲಿ ರಬ್ಬರಿನ ಶಾರ್ಕ್ ಮಾಡಿಕೊಟ್ಟವನು ಅವನೇ, ಅವಳನ್ನು ಇಲ್ಲಿಗೆ ಎಳೆದು ತಂದವನೂ ಅವನೇ.

ಟೀ ಬರುವ ಲಕ್ಷಣ ಕಾಣಲಿಲ್ಲ. ಅಕ್ಕ ತಾನೇ ಕೈ ಚಾಚಿ ಅನಾಹುತ ನಡೆದ ದಿನದ ಚಿತ್ರವನ್ನು ಮತ್ತೊಮ್ಮೆ ಹಾಕಿದಳು.

ನೀರು ತುಂಬಿದ ದೊಡ್ಡ ಟ್ಯಾಂಕು. ಅದರ ಒಂದು ಗೋಡೆ ಗಾಜಿನದು, ಗಾಜಿನ ಹೊರಗೆ ಕ್ಯಾಮೆರಾ. ಗಾಜಿನ ಎದುರು ನಿಂತವರಿಗೆ ಎಡತುದಿಯಲ್ಲಿ ಏಣಿ, ಬಲತುದಿಯಲ್ಲಿ ಪಂಪು. ಎರಡು ತುದಿಯಲ್ಲೂ ಒಬ್ಬೊಬ್ಬ ಶಾರ್ಕನ್ನು ಎಳೆಯುವ ಹಗ್ಗ ಹಿಡಿದು ಕ್ಯಾಮೆರಾಕ್ಕೆ ಕಾಣದಂತೆ ನಿಲ್ಲಬೇಕು. ಏಣಿಯ ತುದಿ ತಮ್ಮನದು. ಪಂಪಿನ ತುದಿ, ಎಲ್ಲರೂ ಪಂಪಣ್ಣ ಎಂದು ಕರೆಯುವ ಪಂಪ್ ಆಪರೇಟರನದು. ಇಬ್ಬರಿಗೂ ಒಂದೇ ಬಗೆಯ ಕಪ್ಪು ರಬ್ಬರ್ ಉಡುಪು, ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ. ಹೆತ್ತ ತಾಯಿಗೂ ಗುರುತು ಸಿಗದ ವೇಷ.

ಪರದೆಯ ಮೇಲೆ ಶಾರ್ಕ್ ಎಡಕ್ಕೆ ಮೂತಿ ಚಾಚಿಕೊಂಡು ಬಂತು. ಇಲ್ಲಿನವರು ಅದನ್ನು ಸುಂದರಿ ಎನ್ನುತ್ತಿದ್ದರು. ಅದರ ಹೊಟ್ಟೆಯೊಳಗೆ ಮಲಗಿ ದವಡೆ ಆಡಿಸುವವನಿಗೆ ಒಳಗಿನವ ಎಂದೇ ಹೆಸರು. ದವಡೆ ತೆರೆಯಿತು, ಮುಚ್ಚಿತು, ಕೆಂಪು ಬಣ್ಣ ನೀರಲ್ಲಿ ಹರಡಿತು, ಶಾಟ್ ಮುಗಿಯಿತು. ಡೈರೆಕ್ಟರು ಫೋನಿನಲ್ಲಿ ಹರಟುತ್ತಾ ಕಟ್ ಹೇಳುವುದನ್ನೇ ಮರೆತದ್ದರಿಂದ ಕ್ಯಾಮೆರಾ ಓಡುತ್ತಲೇ ಇತ್ತು.

ಒಳಗಿನವ ಹೊಟ್ಟೆಯ ಬಾಗಿಲು ತಳ್ಳಿಕೊಂಡು ಹೊರಬರಬೇಕಾದ ಹೊತ್ತು ಅದು. ಆಗ ಪರದೆಯ ಬಲಗಡೆಯಿಂದ ಒಂದು ಕಪ್ಪು ಆಕೃತಿ ಬಂತು. ಕೆಂಪು ನೀರಿನಲ್ಲಿ ಕೈ ಚಾಚಿ ಹೊಟ್ಟೆಯ ಬಾಗಿಲಿನ ಚಿಲಕ ಹಾಕಿತು. ಬಂದ ದಾರಿಯಲ್ಲೇ ಹಿಂದೆ ಹೋಯಿತು. ಶಾಟ್ ಮುಗಿಯಿತೆಂದು ಎಲ್ಲರೂ ಅತ್ತಿತ್ತ ತಿರುಗಿದ್ದ ಹೊತ್ತದು, ಅದನ್ನು ಕಂಡದ್ದು ಕ್ಯಾಮೆರಾ ಒಂದೇ.

ಆಮೇಲೆ ಸುಂದರಿ ಒದ್ದಾಡಿತು. ಒಳಗಿದ್ದ ಗಾಳಿಯ ಬಾಟಲಿ ಒಂದು ಶಾಟಿಗೆ ಮಾತ್ರ ಸಾಲುವಂಥದ್ದು. ಹೊರಗೆ ನಿಂತವರೆಲ್ಲ ಅದನ್ನು ಅಭಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅಕ್ಕ ಆ ಭಾಗ ನೋಡಲಾಗದೆ ಆರಿಸಿದಳು. ಒಳಗಿನವ ಚಿಕ್ಕಂದಿನಿಂದ ತಮ್ಮನ ಜೀವದ ಗೆಳೆಯ. ಶಾಲೆ ಬಿಟ್ಟು ಬಂದರೆ ಅವಳ ಅಡುಗೆಮನೆಯ ಹೊಸ್ತಿಲ ಮೇಲೆ ಇವನೊಬ್ಬ, ಅವನೊಬ್ಬ. ಇಬ್ಬರಿಗೂ ಅವಳೇ ಬಡಿಸಿದವಳು. ತಮ್ಮ ಈಗಲೂ ಆಸ್ಪತ್ರೆಯಲ್ಲಿ ಅವನ ಹಾಸಿಗೆ ಬಿಟ್ಟು ಕದಲಿರಲಿಲ್ಲ.

ಬಲಗಡೆ ಎಂದರೆ ಪಂಪಿನ ಕಡೆ. ಅದರ ಹಿಂದಿನ ದಿನವಷ್ಟೇ ಪಂಪಣ್ಣನಿಗೂ ಒಳಗಿನವನಿಗೂ ಎಲ್ಲರೆದುರು ಜಗಳವಾಗಿತ್ತು. ಪೊಲೀಸರು ಪಂಪಣ್ಣನಿಗೆ ವಿಡಿಯೋ ಕೂಡ ತೋರಿಸದೆ ಅವನನ್ನು ಲಾಕಪ್ಪಿಗೆ ಹಾಕಿ ಕೈ ತೊಳೆದುಕೊಂಡಿದ್ದರು. ಎಲ್ಲ ಸರಿಯಾಗಿಯೇ ಇತ್ತು. ಆ ಹೀರೋನ ಹಾಳು ಕೈಯೊಂದು ಅವಳ ತಲೆ ಕೊರೆಯದಿದ್ದರೆ ಅವಳೂ ಇಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತಿದ್ದಳು.

ಗೇಟಿನ ಬಳಿಯ ಬೆಂಚಿನ ಮೇಲೆ ಪಂಪಣ್ಣನ ಹೆಂಡತಿ ಕೂತಿದ್ದಳು. ಅಕ್ಕ ಆ ದಾರಿಯಾಗಿ ಹೋಗಬಾರದು ಎಂದುಕೊಂಡೇ ಹೋದಳು.

"ಇಲ್ಲಿ ಕೂತು ಏನು ಮಾಡ್ತೀಯಮ್ಮಾ? ಮನೆಗೆ ಹೋಗು."

"ಮನೆಯಲ್ಲಿ ಏನಿದೆ ಅಕ್ಕಾ? ಅವರು ಮಾಡಿಲ್ಲ ಅಂತ ನೀವು ಹೇಳೋವರೆಗೆ ಇಲ್ಲೇ ಇರ್ತೀನಿ."

"ನಾನು ಹಾಗೆ ಹೇಳ್ತೀನಿ ಅಂತ ಯಾರು ಹೇಳಿದ್ದು? ಚಿತ್ರದಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣ್ತಿದೆ."

"ನನ್ನ ಗಂಡನ ವಿಷಯ ನಂಗೆ ಗೊತ್ತಿಲ್ವಾ ಅಕ್ಕಾ? ಕೂತ ಜಾಗದಿಂದ ಊಟಕ್ಕೆ ಕರೆದರೂ ಏಳೋ ಪೈಕಿ ಅಲ್ಲ. ತಟ್ಟೆ ಅಲ್ಲಿಗೇ ತಾ ಅಂತಾರೆ. ಅಂಥವರು ಎದೆಮಟ್ಟದ ನೀರಲ್ಲಿ ನಡ್ಕೊಂಡು ಹೋಗಿ ಚಿಲಕ ಹಾಕಿದರಾ? ಮನೆಯಲ್ಲಿ ಒಂದು ದಿನ ಬಾಗಿಲು ಹಾಕಿದವರಲ್ಲ."

ಇದು ಯಾವ ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ? ಅಕ್ಕನಿಗೆ ಸಿಟ್ಟೂ ಬಂತು, ನಗುವೂ ಬಂತು, ನಕ್ಕರೆ ಆ ಹೆಂಗಸು ಅತ್ತೇಬಿಡುತ್ತಾಳೆ ಎನಿಸಿ ನಗು ತಡೆದುಕೊಂಡಳು.

ಅಷ್ಟರಲ್ಲಿ ಫೋನು. ಠಾಣೆಯ ಸಾಹೇಬ. ಹಿಂದೆ ಅವಳ ಕೈಕೆಳಗೆ ಕೆಲಸ ಕಲಿತವನು.

"ಅಕ್ಕಾ, ಸಂಜೆ ಪಂಪಣ್ಣನ್ನ ಕೋರ್ಟಿಗೆ ಒಪ್ಪಿಸ್ತಾ ಇದೀವಿ. ಆ ವಿಡಿಯೋ ಒಂದೇ ಸಾಕು. ನಿಮಗೇನೂ ಅನುಮಾನ ಇಲ್ಲವಲ್ಲ?"

"ಅನುಮಾನ ಇದ್ದರೆ?"

"ಇದೆಯಾ?"

"ಇಲ್ಲ. ಇದ್ದರೆ ಅಂದೆ."

"ಸುಮ್ಮನೆ ಯಾಕೆ ತಲೆ ಕೆಡಿಸ್ಕೋತೀರಿ? ಏಣಿ ಕಡೆಯಿಂದ ಬಂದಿದ್ದರೆ ನಿಮ್ಮ ತಮ್ಮ ಸಿಕ್ಕಿಬೀಳ್ತಿದ್ದ. ಪುಣ್ಯಕ್ಕೆ ಪಂಪ್ ಕಡೆಯಿಂದ ಬಂದ. ನೀವು ನಿಶ್ಚಿಂತೆಯಾಗಿ ಮನೆಗೆ ಹೋಗಿ."

ಪುಣ್ಯ ಎಂಬ ಮಾತು ಅವಳಿಗೆ ಯಾಕೋ ಹಿಡಿಸಲಿಲ್ಲ. ಬೆಂಚಿನ ಮೇಲಿದ್ದವಳ ಕಿವಿ ಫೋನಿನ ಮೇಲೇ ಇತ್ತು.

ಡೈರೆಕ್ಟರು ಟ್ಯಾಂಕಿನ ಪಕ್ಕದ ಶೆಡ್ಡಿನಲ್ಲಿ ಸಿಕ್ಕಿದ. ಒಂದು ಶಾಟನ್ನು ಎರಡನೇ ಬಾರಿ ತೆಗೆದ ಇತಿಹಾಸವೇ ಇಲ್ಲದ್ದರಿಂದ ಅವನಿಗೆ ಒಂದೇಸಲ ಎಂದು ಅಡ್ಡಹೆಸರು. ನಟನ ಮೀಸೆ ಕಳಚಿ ಬಿದ್ದರೂ ಒಂದೇಸಲವೇ. ಅವನು ಸುಂದರಿಯ ಎದುರು ಕೂತು, ಹುಷಾರಿಲ್ಲದ ಹಸುವನ್ನು ನೋಡುವವನ ಹಾಗೆ ನೋಡುತ್ತಿದ್ದ. ಪೊಲೀಸರು ಅದಕ್ಕೆ ಹಗ್ಗ ಸುತ್ತಿ ಮೊಹರು ಹಾಕಿದ್ದರು. ಅದು ಗೋಡೆಗೆ ಒತ್ತಿಕೊಂಡು ಬಲಕ್ಕೆ ಮೂತಿ ಮಾಡಿ ಹಲ್ಲು ಕಿರಿಯುತ್ತಿತ್ತು.

"ಬಂದಿರಾ ಅಕ್ಕಾ! ಈ ಹಗ್ಗ ಬಿಚ್ಚಿಸಿಕೊಡಿ ಅಂತ ನಿಮ್ಮ ಸಾಹೇಬರಿಗೆ ಹೇಳಿ. ಕ್ಲೈಮ್ಯಾಕ್ಸ್ ಬಾಕಿ ಇದೆ. ಹೆಲಿಕಾಪ್ಟರ್ ನುಂಗಬೇಕು."

"ನಿಮ್ಮ ಹುಡುಗ ಇದರೊಳಗೆ ಉಸಿರುಗಟ್ಟಿ ಒದ್ದಾಡಿದಾನೆ. ಹೆಲಿಕಾಪ್ಟರ್ ಅಂತೀರಲ್ಲ, ನಾಚಿಕೆ ಆಗಲ್ವಾ?"

ಒಂದೇಸಲನ ಮುಖ ಸಣ್ಣದಾಯಿತು. "ಆಗುತ್ತೆ ಅಕ್ಕಾ. ಒದ್ದಾಡ್ತಿದ್ದಾಗ ಭೇಷ್ ಅಂತ ಕೂಗಿದ್ದು ನಾನೇ. ಅದನ್ನ ನೆನೆಸಿಕೊಂಡರೆ ನಿದ್ದೆ ಬರಲ್ಲ. ಅದಕ್ಕೇ ಸಿನಿಮಾದ ಬಗ್ಗೆ ಮಾತಾಡ್ತೀನಿ."

ಅಕ್ಕನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಅವಳು ಕೆಲಸಕ್ಕೆ ಹಚ್ಚಿದಳು.

"ನೆಲಮಾಳಿಗೆ ಸಿನಿಮಾದಲ್ಲಿ ಹೀರೋನ ಕಟ್ಟು ಎಡಗೈಯಿಂದ ಬಲಗೈಗೆ ಹೋಗುತ್ತೆ. ಯಾಕೆ?"

"ಅಯ್ಯೋ, ಅದನ್ನೂ ನೋಡಿಬಿಟ್ರಾ?"

"ಮಾತು ಹಾರಿಸಬೇಡಿ."

"ಟಿವಿಯವರಿಗೆ ಹೇಳಲ್ಲ ಅಂತ ಮಾತು ಕೊಡಿ. ಗೊತ್ತಾದರೆ ಇನ್ನು ನಮಗೆ ಸಿನಿಮಾ ಕೊಡಲ್ಲ."

"ಟಿವಿಯವರು ಹಾಳಾಗಿಹೋಗಲಿ! ಹೇಳ್ರೀ!"

ಒಂದೇಸಲ ಎದ್ದು ಬಾಗಿಲ ಕಡೆ ಇಣುಕಿ ನೋಡಿದ. ಆಮೇಲೆ ಅವಳನ್ನು ಸುಂದರಿಯ ಬಾಲದ ಹತ್ತಿರ ಕರೆದುಕೊಂಡು ಹೋಗಿ, "ಗೋಡೆಗೂ ಇದಕ್ಕೂ ಮಧ್ಯೆ ಬಗ್ಗಿ ನೋಡಿ," ಎಂದ.

ಅಕ್ಕ ಗೋಡೆಗೆ ಕೆನ್ನೆ ಒತ್ತಿ ಬಗ್ಗಿದಳು. ಅತ್ತ ಕಡೆ ಶಾರ್ಕೇ ಇರಲಿಲ್ಲ. ಹಲಗೆ, ಕಬ್ಬಿಣದ ಸರಳು, ತಂತಿ, ಅಂಟುಪಟ್ಟಿ. ಕಣ್ಣಿಲ್ಲ, ಹಲ್ಲಿಲ್ಲ, ಚರ್ಮವಿಲ್ಲ. ಯಾವುದೋ ಹಳೆಯ ಮಂಚದ ತುಂಡೊಂದು ಪಕ್ಕೆಲುಬಿನ ಕೆಲಸ ಮಾಡುತ್ತಿತ್ತು.

"ಇದೇನ್ರೀ ಇದು?"

"ಸುಂದರಿಗೆ ಒಂದೇ ಮಗ್ಗುಲು ಅಕ್ಕಾ. ಬಲಮಗ್ಗುಲು ಮಾತ್ರ. ಇನ್ನೊಂದು ಮಗ್ಗುಲಿಗೆ ರಬ್ಬರ್ ಹಾಕೋಕೆ ನಮ್ಮ ಕೈಲಿ ಆಗಲಿಲ್ಲ. ನಿಮ್ಮ ತಮ್ಮನೇ ಕೊಟ್ಟ ಉಪಾಯ. ಹೆಂಗಿದ್ರೂ ಕ್ಯಾಮೆರಾ ಒಂದು ಕಡೆ ತಾನೆ ಇರೋದು, ಆ ಕಡೆ ಮಾತ್ರ ಮಾಡಿದರೆ ಸಾಕು ಅಂದ. ಅವನ ತಲೆಯೇ ತಲೆ."

"ಹಾಗಾದರೆ ಇದು ಒಂದೇ ದಿಕ್ಕಿಗೆ ಹೋಗಬಹುದು."

"ಟ್ಯಾಂಕಿನಲ್ಲಿ ಯಾವಾಗಲೂ ಬಲಕ್ಕೇ ಹೋಗೋದು. ಎಡಕ್ಕೆ ತಿರುಗಿಸಿದರೆ ಈ ಮಂಚ ಕಾಣುತ್ತೆ. ಕತೆಯಲ್ಲಿ ಎಡಕ್ಕೆ ಹೋಗಬೇಕು ಅಂದಾಗ ಕತ್ತರಿ ಇಡೀ ಚಿತ್ರಾನೇ ಕನ್ನಡಿಯಲ್ಲಿ ನೋಡಿದ ಹಾಗೆ ಮಗುಚಿಬಿಡ್ತಾನೆ. ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ಹೀರೋನೂ ಫ್ರೇಮಿನಲ್ಲಿದ್ದರೆ ಅವನ ಕಟ್ಟೂ ಮಗುಚಿಕೊಳ್ಳುತ್ತೆ. ಅದನ್ನ ಯಾರು ನೋಡ್ತಾರೆ ಅಕ್ಕಾ? ಇಷ್ಟು ಸಿನಿಮಾದಲ್ಲಿ ಒಬ್ಬರೂ ಕೇಳಿರಲಿಲ್ಲ."

ಅಕ್ಕ ನಿಧಾನವಾಗಿ ನೆಟ್ಟಗಾದಳು. ಕೆನ್ನೆಗೆ ಅಂಟಿದ ಸುಣ್ಣ ಒರೆಸಿಕೊಳ್ಳುವುದನ್ನೂ ಮರೆತಳು.

"ಈಗ ತೆಗೀತಿದ್ದ ಸಿನಿಮಾದಲ್ಲಿ?"

"ಇದರಲ್ಲಿ ದ್ವೀಪ ಎಡಗಡೆ ಇದೆ ಅಂತ ಮೊದಲೇ ತೋರಿಸಿಬಿಟ್ಟಿದೀವಿ. ಶಾರ್ಕ್ ಎಡಕ್ಕೇ ನುಗ್ಗಬೇಕು. ಪ್ರತಿ ಶಾಟೂ ಮಗುಚಲೇಬೇಕು. ಟ್ಯಾಂಕಿನಿಂದ ಚಿತ್ರ ಬಂದ ತಕ್ಷಣ ಮಗುಚಿ ಇಡು ಅಂತ ಕತ್ತರಿಗೆ ಹೇಳಿಬಿಟ್ಟಿದೀನಿ. ಅವನಿಗೆ ಅದು ಕೈಗೆ ಬಂದ ಅಭ್ಯಾಸ."

"ಪೊಲೀಸರಿಗೆ ಕೊಟ್ಟ ವಿಡಿಯೋ?"

"ಕತ್ತರಿ ಹತ್ರ ಇದ್ದದ್ದನ್ನೇ ಕೊಟ್ಟಿದ್ದು. ಯಾಕೆ?"

ತಾನು ಏನು ಹೇಳಿದೆ ಎಂಬ ಅರಿವೇ ಆ ಮನುಷ್ಯನಿಗೆ ಇರಲಿಲ್ಲ. ಅವನಿಗೆ ಅದು ತರಕಾರಿ ಹೆಚ್ಚುವಷ್ಟು ಸಹಜವಾದ ಕೆಲಸ. ಪೊಲೀಸರು ಕೇಳಲಿಲ್ಲ, ಇವರು ಹೇಳಲಿಲ್ಲ. ಅಕ್ಕನಿಗೆ ಅವನ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕು ಎನಿಸಿತು.

"ಇನ್ನೊಂದು ಮಗ್ಗುಲಿನ ವಿಷಯ ಯಾರ್ಯಾರಿಗೆ ಗೊತ್ತು?"

"ಇಲ್ಲಿ ಕೆಲಸ ಮಾಡೋ ಎಲ್ಲರಿಗೂ ಗೊತ್ತು. ಮಾಡಿದವನಿಗೆ ಗೊತ್ತಿರಲ್ವಾ?" ಎಂದು ಒಂದೇಸಲ ನಕ್ಕ. "ಅಕ್ಕಾ, ಹಗ್ಗದ ವಿಷಯ..."

ಅವಳು ಆಗಲೇ ಬಾಗಿಲು ದಾಟಿದ್ದಳು.

ಕತ್ತರಿ ಕೊನೆಗೂ ಟೀ ತಂದಿಟ್ಟು, ಅದು ಆರಿಹೋದದ್ದಕ್ಕೆ ಅವಳ ಮೇಲೇ ಬೇಸರ ಮಾಡಿಕೊಂಡು ಕೂತಿದ್ದ.

"ಆ ದಿನದ ಚಿತ್ರ ಹಾಕು. ಮಗುಚಿದ್ದನ್ನ ಸರಿ ಮಾಡು."

ಅವನು ಅವಳ ಮುಖ ನೋಡಿದ. "ಡೈರೆಕ್ಟರು ಹೇಳಿಬಿಟ್ರಾ?"

"ನೀನು ಬೆಳಗ್ಗೆಯೇ ಹೇಳಬೇಕಿತ್ತು! ಪೊಲೀಸರಿಗೆ ಕೊಡುವಾಗಾದ್ರೂ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಅವರು ಚಿಲಕ ಹಾಕಿದ್ದನ್ನ ಕೇಳಿದರು, ಚಿಲಕ ಹಾಕಿದ್ದು ಕಾಣುತ್ತಲ್ಲ ಅಕ್ಕಾ? ನಮ್ಮಲ್ಲಿ ಯಾವಾಗಲೂ ಹೀಗೇ..."

ಅವನ ಕೈ ಗುಂಡಿಯ ಮೇಲೇ ಉಳಿಯಿತು. "ದೇವರೇ," ಎಂದ.

"ಒತ್ತು."

ಸುಂದರಿ ಈಗ ಬಲಕ್ಕೆ ಮೂತಿ ಚಾಚಿಕೊಂಡು ಬಂತು. ದವಡೆ ತೆರೆಯಿತು, ಮುಚ್ಚಿತು. ನೀರು ಕೆಂಪಾಯಿತು. ಅಕ್ಕ ಪರದೆಯ ಬಲತುದಿಯನ್ನೇ ನೋಡುತ್ತಾ ಕೂತಳು. ಬರಲಿ, ಅಲ್ಲಿಂದಲೇ ಬರಲಿ ಎಂದು ಅವಳ ಮನಸ್ಸು ಗೋಗರೆಯಿತು. ಕಳ್ಳನನ್ನು ಹಿಡಿಯುವ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡವಳು ಮಗುವಿನ ಹಾಗೆ ಗೋಗರೆದಳು.

ಪಂಪಿನ ಕಡೆ ಯಾರೂ ಅಲುಗಲಿಲ್ಲ.

ಆಕೃತಿ ಎಡದಿಂದ ಬಂತು. ಏಣಿಯ ತುದಿಯಿಂದ. ಅವಸರವಿಲ್ಲದೆ ಬಂದು, ಚಿಲಕ ಹಾಕಿ, ಅವಸರವಿಲ್ಲದೆ ಹೋಯಿತು.

ಅಕ್ಕ ಚಿತ್ರ ನಿಲ್ಲಿಸಿದಳು.

"ಅಕ್ಕಾ," ಕತ್ತರಿ ಪಿಸುಗುಟ್ಟಿದ. "ಇದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನೀವು ಹೇಳಿದರೆ ಮತ್ತೆ ಮಗುಚಿ ಇಟ್ಟುಬಿಡ್ತೀನಿ. ನಿಮ್ಮ ತಮ್ಮ ಅಲ್ವಾ..."

"ಬಾಯಿ ಮುಚ್ಚು."

ಗೇಟಿನ ಬೆಂಚು ಅವಳ ಕಣ್ಣ ಮುಂದೆ ಬಂತು. ಒಂದು ದಿನವೂ ಬಾಗಿಲು ಹಾಕದ ಗಂಡನಿಗಾಗಿ ಕೂತ ಹೆಂಗಸು. ಸಂಜೆಯೊಳಗೆ ಒಂದು ಮಾತು ಆಡದಿದ್ದರೆ ಆ ಗಂಡ ಮಾಡದ ತಪ್ಪಿಗೆ ಜೈಲು ಸೇರುತ್ತಾನೆ. ಆಡಿದರೆ ಸೇರುವವನು ಯಾರು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಅವಳನ್ನು ಚುಚ್ಚಿದ್ದು ಅದಲ್ಲ. ಠಾಣೆಯಲ್ಲಿ ಈ ಚಿತ್ರವನ್ನು ಮೊದಲ ಸಲ ಹಾಕಿದಾಗ ತಮ್ಮ ಅವಳ ಪಕ್ಕದಲ್ಲೇ ಕೂತಿದ್ದ. ಅವಳ ಕೈ ಹಿಡಿದುಕೊಂಡಿದ್ದ. ಸುಂದರಿಯ ಒಂದೊಂದು ಹಲ್ಲನ್ನೂ ತನ್ನ ಕೈಯಾರೆ ಕೂರಿಸಿದವನು, ಇನ್ನೊಂದು ಮಗ್ಗುಲು ಬೇಡ ಎಂದು ಉಪಾಯ ಕೊಟ್ಟವನು. ಎಡಕ್ಕೆ ಹೊರಟ ಶಾರ್ಕನ್ನು ಕಂಡ ಕೂಡಲೇ ಅವನಿಗೆ ಎಲ್ಲ ತಿಳಿದಿರಬೇಕು. ಆದರೂ ಅವನು ಅವಳ ಕಿವಿಯಲ್ಲಿ, "ನೋಡಿದೆಯಾ ಅಕ್ಕಾ, ಪಂಪ್ ಕಡೆಯಿಂದ ಬಂದ," ಎಂದಿದ್ದ.

ಮೇಜಿನ ಮೇಲೆ ಫೋನು ಅದುರಿತು. ತಮ್ಮ.

"ಅಕ್ಕಾ," ಅವನ ದನಿ ತಗ್ಗಿತ್ತು. "ಅವನು ಕಣ್ಣು ಬಿಟ್ಟ."

ಅವಳು ಎದ್ದು ನಿಂತಳು. "ಡಾಕ್ಟರು ಏನಂದ್ರು?"

"ಡಾಕ್ಟರಿಗೆ ಇನ್ನೂ ಹೇಳಿಲ್ಲ. ಈಗಷ್ಟೇ ಬಿಟ್ಟಿದ್ದು. ಮೊದಲು ನಿನಗೇ ಹೇಳೋಣ ಅಂತ."

"ನರ್ಸ್ ಎಲ್ಲಿ?"

"ಆಚೆ ವಾರ್ಡಿಗೆ ಹೋಗಿದಾರೆ. ನಾನೊಬ್ಬನೇ ಇದೀನಿ."

"ಮಾತಾಡಿದನಾ?"

"ಇಲ್ಲ. ನನ್ನನ್ನೇ ನೋಡ್ತಿದಾನೆ."

ಅಕ್ಕ ಕೈಚೀಲ ಎತ್ತಿಕೊಂಡು ಮೆಟ್ಟಿಲ ಕಡೆ ಓಡಿದಳು. ದನಿಯನ್ನು ಮಾತ್ರ ಅಡುಗೆಮನೆಯಿಂದ ಊಟಕ್ಕೆ ಕರೆಯುವಷ್ಟು ಮೆತ್ತಗೆ ಇಟ್ಟಳು.

"ಪುಟ್ಟಾ, ಹೋಗಿ ನರ್ಸನ್ನ ಕರ್ಕೊಂಡು ಬಾ. ಈಗಲೇ. ನಾನು ಫೋನಿನಲ್ಲೇ ಇರ್ತೀನಿ."

"ಕರೀತೀನಿ." ಹೆಜ್ಜೆಯ ಸದ್ದೇನೂ ಕೇಳಿಸಲಿಲ್ಲ. "ಅಕ್ಕಾ, ಆ ಪಂಪಣ್ಣನ ವಿಷಯ ಇವತ್ತಿಗೆ ಮುಗೀತು ತಾನೆ? ನೀನು ಇನ್ನೂ ಆ ಸಿನಿಮಾ ನೋಡ್ತಾ ಇಲ್ಲ ತಾನೆ?"

ಅವಳಿಗೆ ಸುಳ್ಳು ಹೇಳಬೇಕಿತ್ತು. ತಮ್ಮನಿಗೆ ಅವಳು ಎಂದೂ ಸುಳ್ಳು ಹೇಳಿರಲಿಲ್ಲ. ಇಲ್ಲ ಎನ್ನಲು ಒಂದೇ ಒಂದು ಗಳಿಗೆ ತಡವಾಯಿತು.

ಅಷ್ಟು ಸಾಕಾಯಿತು ಅವನಿಗೆ.

"ಸರಿ ಅಕ್ಕಾ," ಎಂದ ತಮ್ಮ.

ಫೋನು ಕಡಿತವಾಗಲಿಲ್ಲ. ಅವನು ನಡೆದು ಹೋಗುವ ಹೆಜ್ಜೆ ಕೇಳಿಸಿತು. ನರ್ಸನ್ನು ಕರೆಯಲು ಹೊರಟ ಎಂದೇ ಅವಳು ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ನಿಂತು ಆಲಿಸಿದಳು.

ಹೆಜ್ಜೆ ಬಾಗಿಲವರೆಗೆ ಹೋಗಿ ನಿಂತಿತು. ಆಮೇಲೆ ಕೇಳಿಸಿದ್ದು ಒಳಗಿನಿಂದ ಚಿಲಕ ಹಾಕಿದ ಸದ್ದು.